ದಿಂಡಲ ಕೆಂಡದ ಬಾಣಂತನ

"ನಾ ಹಡಿಸಿದ ಮಂದಿ ಒಂದೊಂದು ಬೊಗಸಿ ಮಣ್ಣು ತಂದು ಸುರುವಿದರ, ಆ ಗುಡ್ಡದ ಮಗ್ಗಲಾಗ ಇನ್ನೊಂದು ಗುಡ್ಡ ಎದ್ದು ನಿಲ್ತೈತಿ" ಎಂದು ಗುಬ್ಬಿದಿನ್ನಿಯ ಹುಚ್ಚವ್ವ ಹೇಳುತ್ತಿದ್ದಳು. ಹೇಳುವಾಗ ಬಾವಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು, ಬಾಯೊಳಗಿನ ಅಡಿಕೆ ಹೋಳು ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟುತ್ತಿತ್ತು. ಎದುರಿಗೆ ನೀರು ಸೇದುತ್ತಿದ್ದವರೆಲ್ಲ ಅವಳು ಹಡಿಸಿದವರು, ಇಲ್ಲವೆ ಅವಳು ಹಡಿಸಿದವರು ಹಡೆದವರು. ಆದ್ದರಿಂದ ಲೆಕ್ಕ ತಪ್ಪಿತೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಊರಿನ ಗೌಡ ಮೀಸೆ ತಿರುವುತ್ತ ಎದುರಿಗೆ ಬಂದರೂ, "ಲೇ ತಮ್ಮಾ, ನೀ ಹುಟ್ಟಿದಾಗ ಅಳಲಿಲ್ಲಂತ ಕುಂಡಿಗಿ ಎರಡು ಬಾರಿಸಿದ್ದೆ, ನೆನಪೈತೇನು" ಎಂದು ಕೇಳಿ, ಮೀಸೆಯನ್ನು ಇದ್ದಲ್ಲಿಯೇ ಇಳಿಸುವ ಹೆಂಗಸು ಅವಳು.

ಬಾದಾಮಿಯಿಂದ ಗುಳೇದಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ "ಇಲ್ಲಿ ಯಾರರ ಇಳಿಯಾವರು ಅದೀರೇನ್ರಿ" ಎಂದು ತನಗೇ ನಂಬಿಕೆ ಇಲ್ಲದವನಂತೆ ಕೇಳುವ ಜಾಗವೊಂದಿತ್ತು. ಅಲ್ಲಿಳಿದು ಎಡಕ್ಕೆ ಹೊರಳಿದರೆ ಗುಬ್ಬಿದಿನ್ನಿ. ಐವತ್ತನೆಯ ಇಸವಿಯ ಸುಮಾರಿಗೆ ಅದು ಬೆರಳೆಣಿಕೆಯ ಮನೆಗಳ ಊರು. ಹಾಲುಮತದ ಕುರಿಗಾರರು, ನಾಲ್ಕು ತಲೆಮಾರಿನಿಂದ ಅಲ್ಲಿಯೇ ಬೇರು ಬಿಟ್ಟ ಸಾಬರ ಮನೆಗಳು, ನಡುವೆ ಬೀರಪ್ಪನ ಗುಡಿ. ಊರ ಬೆನ್ನಿಗೆ ಕೆಂಪು ಕಲ್ಲಿನ ಗುಡ್ಡ, ಗುಡ್ಡದ ತುಂಬ ದಿಂಡಲ ಮರ. ಎಷ್ಟು ದಟ್ಟವೆಂದರೆ, ನಡುಮಧ್ಯಾಹ್ನ ಒಳಗೆ ಹೊಕ್ಕ ಕುರಿಗಳು ಸಂಜೆಯಾಯಿತೆಂದು ತಿಳಿದು ತಾವಾಗಿಯೇ ಹಟ್ಟಿಗೆ ಮರಳುತ್ತಿದ್ದವು. ಕಾಗೆಗಳಿಗೆ ರೆಕ್ಕೆ ಬಿಚ್ಚಲು ಜಾಗ ಸಾಲದೆ, ಗೂಡಿಗೆ ನಡೆದುಕೊಂಡೇ ಹೋಗುತ್ತಿದ್ದವಂತೆ. ಹುಚ್ಚವ್ವ ಕಣ್ಣಾರೆ ಕಂಡಿದ್ದಳು. ಅವಳು ಕಂಡದ್ದನ್ನು ಇಲ್ಲವೆನ್ನುವುದು ಯಾರಿಗೂ ಸಾಧ್ಯವಿರಲಿಲ್ಲ, ಯಾಕೆಂದರೆ ಮುಂದಿನ ಹೆರಿಗೆಗೆ ಅವಳನ್ನೇ ಕರೆಯಬೇಕಿತ್ತು.

ಗುಬ್ಬಿದಿನ್ನಿಯಲ್ಲಿ ಬಸುರಿನ ಸುದ್ದಿಯನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಮನೆಯ ಹೆಣ್ಣುಮಗಳಿಗೆ ಏಳು ತಿಂಗಳು ತುಂಬಿತೆಂದರೆ ಆ ಮನೆಯ ಗಂಡಸು ಗಾಡಿ ಹೂಡಿಕೊಂಡು ಗುಡ್ಡಕ್ಕೆ ಹೋಗಬೇಕು, ದಿಂಡಲ ಕಟ್ಟಿಗೆ ಕಡಿದು ತಂದು ಬಾಗಿಲ ಬಲಗಡೆ ಒಟ್ಟಬೇಕು. ಅದಕ್ಕೆ ಬಾಣಂತಿ ಒಟ್ಟಿಲು ಎಂದು ಹೆಸರು. ಒಟ್ಟಿಲು ಕಂಡವರು ತಿಳಿದುಕೊಳ್ಳುತ್ತಿದ್ದರು. ಹಡೆದ ಮೇಲೆ ಆ ಕಟ್ಟಿಗೆಯ ಕೆಂಡವನ್ನು ಅಗ್ಗಿಷ್ಟಿಗೆಯಲ್ಲಿ ತುಂಬಿ ಬಾಣಂತಿಯ ಹೊರಸಿನ ಕೆಳಗೆ ಇಟ್ಟು ಮೈ ಕಾಸುವುದು, ಅದೇ ಕಟ್ಟಿಗೆಯಿಂದ ಕಾಯಿಸಿದ ನೀರನ್ನು ಹಂಡೆಗಟ್ಟಲೆ ಎರೆಯುವುದು. ದಿಂಡಲದ ಕೆಂಡ ಹೊಗೆ ಕೊಡುವುದಿಲ್ಲ, ಕಿಡಿ ಸಿಡಿಸುವುದಿಲ್ಲ, ಒಮ್ಮೆ ಹತ್ತಿದರೆ ಬೇಗ ಆರುವುದೂ ಇಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಳೆಗೂಸನ್ನು ಇಟ್ಟುಕೊಂಡು ಕಾಸುವುದಕ್ಕೆ ಅದಕ್ಕಿಂತ ಬೇರೆ ಕಟ್ಟಿಗೆ ಇಲ್ಲ ಎಂಬುದು ಆ ಊರಿನ ನಂಬಿಕೆ.

ಹುಚ್ಚವ್ವನ ಅತ್ತೆ ಸೂಲಗಿತ್ತಿಯಾಗಿದ್ದ ಕಾಲದಲ್ಲಿ ಈ ಕಾಸುವ ಕೆಲಸ ಐದನೆಯ ದಿನ, ಕೂಸಿನ ಹಣೆಬರಹ ಬರೆಯುವ ಸಟವಿಯ ಪೂಜೆಗೆ ಮುಗಿಯುತ್ತಿತ್ತು. ಅತ್ತೆ ತೀರಿದ ಮೇಲೆ ಹುಚ್ಚವ್ವ ಒಬ್ಬಳೇ ಹೋಗಿ ಹಡಿಸಿದ ಮೊದಲ ಬಾಣಂತಿ ಸನ್ನಿಯಾಗಿ ಸತ್ತಳು. ಯಾಕೆ ಸತ್ತಳೆಂದು ಹೇಳುವವರು ಯಾರೂ ಇರಲಿಲ್ಲ. ಕೆಂಡ ಸಾಲಲಿಲ್ಲ ಎಂದು ಹುಚ್ಚವ್ವ ತನಗೆ ತಾನೇ ಹೇಳಿಕೊಂಡಳು. ಅಂದಿನಿಂದ ಅವಳ ಕೈಯ ಬಾಣಂತನದಲ್ಲಿ ಕೆಂಡ ಆರುವುದು ತೊಟ್ಟಿಲಿಗೆ ಹಾಕುವ ದಿನಕ್ಕೆ ಮುಂದೆ ಹೋಯಿತು. ಆಮೇಲೆ ತಿಂಗಳಿಗೆ ಹೋಯಿತು. ಆಮೇಲೆ ಬಾಣಂತಿ ಎದ್ದು ಬೀರಪ್ಪನ ಗುಡಿಗೆ ಹೋಗಿ ಬರುವ ತನಕ ಹೋಯಿತು. ಅವಳ ಕೈಯಲ್ಲಿ ಆಮೇಲೆ ಬಾಣಂತಿಯರು ಸಾಯಲಿಲ್ಲ. ಕೆಂಡದಿಂದಲೋ, ಪ್ರತಿ ಸಲವೂ ಮೊಣಕೈ ತನಕ ಬಿಸಿನೀರಿನಲ್ಲಿ ಕೈ ತೊಳೆದುಕೊಂಡದ್ದರಿಂದಲೋ, ಸಟವಿಗೆ ಗೊತ್ತು.

ಒಬ್ಬರ ಮನೆಯ ಮುಂದೆ ಒಂದು ಗಾಡಿಯ ಒಟ್ಟಿಲು ಬಿದ್ದರೆ, ಮಗ್ಗಲಿನ ಮನೆಯವರಿಗೆ ಒಂದೂವರೆ ಗಾಡಿಯಾಗಬೇಕು. ಊರಿನ ದೊಡ್ಡ ಕುಳ ಮುದಕಪ್ಪ ತನ್ನ ಮೊದಲ ಸೊಸೆಗೆ ಒಟ್ಟಿಸಿದ ಒಟ್ಟಿಲು ಮಾಳಿಗೆಗೆ ಮುಟ್ಟಿ, ಅವನ ಎಮ್ಮೆ ಅದರ ಮೇಲೆ ಹತ್ತಿ ಮಾಳಿಗೆಯ ಮೇಲಿನ ಒಣಮೆಣಸಿನಕಾಯಿ ತಿಂದು, ಮೂರು ದಿನ ಖಾರದ ಹಾಲು ಕೊಟ್ಟಿತೆಂದು ಊರೆಲ್ಲ ಆಡಿಕೊಂಡಿತು. ಹುಚ್ಚವ್ವ ಬಂದು ತನ್ನ ಬಡಿಗೆಯಿಂದ ಒಟ್ಟಿಲನ್ನು ಟಕಟಕ ಬಡಿದು ನೋಡಿ, "ಆಗ್ಲಿ, ಸಾಕು" ಎನ್ನಬೇಕು. ಆಗ ಆ ಮನೆಯವರ ಎದೆ ಎರಡು ಬೊಟ್ಟು ಅಗಲವಾಗುತ್ತಿತ್ತು. ಅವಳಿಗೆ ಬರುತ್ತಿದ್ದದ್ದು ಒಂದು ಗುಳೇದಗುಡ್ಡದ ಖಣ, ಒಂದಿಷ್ಟು ಜೋಳ. ಆದರೆ ಆ "ಸಾಕು" ಎನ್ನುವ ಸುಖದ ಮುಂದೆ ಖಣವೇನು ಮಹಾ.

ಗಾಡಿ ಹೊಡೆಯುತ್ತಿದ್ದವನು ಲಾಡಸಾಬ. ಸ್ವಂತ ಗಾಡಿ ಇಲ್ಲದವರಿಗೆಲ್ಲ ಅವನೇ ಕಟ್ಟಿಗೆ ತಂದು ಹಾಕುವವನು. ಹುಚ್ಚವ್ವನಿಗಿಂತ ಹತ್ತು ವರ್ಷ ಚಿಕ್ಕವನು, ಬಾಯಿ ಮಾತ್ರ ಅವಳಿಗಿಂತ ಹಿರಿದು.

"ಹುಚ್ಚಕ್ಕ, ನೀ ಬಾಣಂತಿಯರನ್ನ ಕಾಸ್ತೀಯೋ ಬೇಸ್ತೀಯೋ" ಎಂದು ಅವನು ಒಮ್ಮೆ ಅಬ್ದುಲಸಾಬನ ಮನೆಯ ಮುಂದೆ ಕಟ್ಟಿಗೆ ಇಳಿಸುತ್ತ ಕೇಳಿದ. "ಹೋದ ತಿಂಗಳ ಇವರ ದೊಡ್ಡ ಸೊಸಿ ಬೆನ್ನಮ್ಯಾಲೆ ರೊಟ್ಟಿ ಬಡದು ಹಾಕಿದ್ರ ಉಬ್ಬತಿತ್ತು."

"ನಿನ್ನ ಎತ್ತಿಗಿ ಮೈಗಳ್ಳತನ, ನಿನಗ ನಾಲಿಗಿ ಉದ್ದ. ಇನ್ನೊಂದೀಟು ಹಾಕು" ಎಂದಳು ಹುಚ್ಚವ್ವ.

"ಹಾಕ್ತೇನಿ. ಆದ್ರ ಮದ್ಲ ಗುಡ್ಡದ ಬುಡಕ್ಕ ಗಾಡಿ ತುಂಬತಿತ್ತು. ಈಗ ಅರ್ಧಾ ಗುಡ್ಡ ಹತ್ತಬೇಕು. ಹಿಂಗ ನಡದ್ರ ನನ್ನ ಎತ್ತು ಮುಂದಿನ ವರ್ಷ ಮಂಗ್ಯಾ ಆಗಬೇಕಾಕ್ಕೈತಿ."

"ಗುಡ್ಡ ಎಲ್ಲಿಗಿ ಓಡಿ ಹೊಕ್ಕೈತೋ?"

"ಗುಡ್ಡ ಎಲ್ಲಿಗೂ ಹೋಗೂದಿಲ್ಲಕ್ಕ. ಗಿಡಾ ಹೊಂಟಾವು, ನನ್ನ ಗಾಡಿ ಹತ್ತಿ."

ಹುಚ್ಚವ್ವ ನಕ್ಕಳು. ಅಬ್ದುಲಸಾಬನ ಹೆಂಡತಿ ಅಮೀನಬಿಯೂ ನಕ್ಕಳು. ಹೊಸ್ತಿಲಿನ ಒಳಗೆ ಇಬ್ಬರು ಸೊಸೆಯಂದಿರ ಮೂರು ಕೂಸುಗಳು ಒಂದಾದ ಮೇಲೊಂದು ಅಳುತ್ತಿದ್ದವು. ಆಗ ಅದು ಸುಖದ ಸದ್ದು.

ಸುಖವೇ ಹೌದು. ಹಿಂದೆ ಐದು ಹಡೆದರೆ ಎರಡು ಉಳಿಯುತ್ತಿದ್ದವು. ಹುಚ್ಚವ್ವ ತನ್ನ ಕೈಯಿಂದ ಹಿಡಿದ ಕೂಸುಗಳಲ್ಲಿ ಅರ್ಧದಷ್ಟನ್ನು ಹಳ್ಳದ ದಂಡೆಗೆ ಕಳಿಸಿ ಬಂದವಳು. ಐವತ್ತರ ನಂತರ ಬಾದಾಮಿಯಿಂದ ನರ್ಸಬಾಯಿ ಬರತೊಡಗಿದಳು, ಸೂಜಿ ಬಂತು, ಹನಿ ಬಂತು. ಕೂಸುಗಳು ಸಾಯುವುದನ್ನು ಮರೆತವು. ಇಂಥದ್ದನ್ನು ತಪ್ಪೆಂದು ಯಾವ ಬಾಯಿಯಿಂದ ಹೇಳಬೇಕು. ಉಳಿದವು ಬೆಳೆದವು, ಬೆಳೆದವು ಮದುವೆಯಾದವು, ಮದುವೆಯಾದವು ಅಣ್ಣತಮ್ಮಂದಿರೊಡನೆ ಜಗಳಾಡಿ ಬೇರೆ ಒಲೆ ಹೂಡಿದವು. ಒಂದೊಂದು ಒಲೆಗೂ ಕಟ್ಟಿಗೆ, ಒಂದೊಂದು ಮನೆಗೂ ತೊಲೆ. ಹೊಲ ಹಂಚಿ ಹಂಚಿ ಪಂಚೆಯಷ್ಟು ಅಗಲಕ್ಕೆ ಬಂದಾಗ ನೇಗಿಲು ಗುಡ್ಡದ ಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಏರಿತು. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಕುದಿಸುವವರಿಗೆ ಕಟ್ಟಿಗೆ ಬೇಕಾಯಿತು, ಬಾಗಲಕೋಟೆಯ ಖಾನಾವಳಿಗಳಿಗೆ ಬೇಕಾಯಿತು. ಹೊಲವಿಲ್ಲದವರು ಹೊರೆ ಹೊತ್ತರು. ಹುಚ್ಚವ್ವನ ಕೆಂಡ ತಿಂದದ್ದು ಗುಡ್ಡದ ಒಂದು ಕಿವಿಯನ್ನು ಅಷ್ಟೇ. ಉಳಿದ ಮೈಯನ್ನು ತಿಂದವರು ಮನೆಮನೆಗೆ ಇದ್ದರು. ಆದರೆ ಮನೆಯ ಮುಂದೆ ಒಟ್ಟಿ ಎಲ್ಲರಿಗೂ ತೋರಿಸುತ್ತಿದ್ದದ್ದು ಅವಳದೊಂದೇ.

ಎರಡು ಮಕ್ಕಳಿಗೆ ಸಾಕು ಮಾಡಿಕೊಳ್ಳಿರೆಂದು ಸರಕಾರದವರು ಹೇಳುತ್ತ ತಿರುಗಿದ ವರ್ಷಗಳಲ್ಲಿ ಬಾದಾಮಿಯಿಂದ ಒಬ್ಬ ಪೇಂಟರ ಬಂದ. ದಾರಿಗೆ ಮುಖ ಮಾಡಿದ ದೊಡ್ಡ ಗೋಡೆ ಹುಡುಕಿದ. ಇಡೀ ಊರಿನಲ್ಲಿ ಅಂಥದು ಇದ್ದದ್ದು ಹುಚ್ಚವ್ವನದೇ. ಸೂಲಗಿತ್ತಿಯ ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದು, ಗಂಡ, ಹೆಂಡತಿ, ಎರಡು ಮಕ್ಕಳನ್ನು ನಗುಮುಖ ಮಾಡಿ ನಿಲ್ಲಿಸಿ ಹೋದ. ಕಟ್ಟಿಗೆ ತುಟ್ಟಿಯಾಗಿ ಊರು ಕುಳ್ಳಿಗೆ ಇಳಿದ ಕಾಲ ಅದು. ಹೊಲಕ್ಕೆ ಹೋಗಬೇಕಾದ ಸೆಗಣಿ ಗೋಡೆಗೆ ಹತ್ತುತ್ತಿತ್ತು. ಹುಚ್ಚವ್ವ ಮೊದಲ ದಿನ ತ್ರಿಕೋನದ ಮೇಲೆ ಕುಳ್ಳು ತಟ್ಟಿದಳು. ಒಂದು ವಾರದಲ್ಲಿ ಗಂಡನ ಮುಖ ಮುಚ್ಚಿತು. ಹೆಂಡತಿಯ ಮುಖ ದೀಪಾವಳಿಯ ತನಕ ತಡೆಯಿತು.

ನರ್ಸಬಾಯಿ ಬಂದು, "ಆಯಿ, ನೀವೊಂದು ಮಾತು ಹೇಳಿದ್ರ ಹೆಣ್ಣಮಕ್ಕಳು ಕೇಳ್ತಾರ್ರಿ. ಎರಡು ಸಾಕಂತ ಹೇಳ್ರಿ" ಎಂದಳು.

"ಹೇಳಾಕೇನವ್ವಾ, ಹೇಳ್ತಿದ್ದೆ. ಆದ್ರ ನನ್ನ ಕರಿಯಾಕ ಬರೂ ಹೊತ್ತಿಗಿ ಕೂಸಿನ ತಲಿ ಹೊರಗ ಬಂದಿರತೈತಿ. ಆವಾಗ ಬ್ಯಾಡ ಅಂದ್ರ ಅದು ತಿರುಗಿ ಒಳಗ ಹೊಕ್ಕೈತೇನು?"

ಎಂಬತ್ತು ದಾಟುವ ಹೊತ್ತಿಗೆ ಗುಬ್ಬಿದಿನ್ನಿಯಲ್ಲಿ ಮನೆಗಳು ಎಷ್ಟು ಒತ್ತಿಕೊಂಡಿದ್ದವೆಂದರೆ, ಒಂದು ಮನೆಯಲ್ಲಿ ಆಕಳಿಸಿದರೆ ಮೂರನೆಯ ಮನೆಯಲ್ಲಿ ನಿದ್ದೆ ಬರುತ್ತಿತ್ತು. ಗುಡ್ಡ ಮಾತ್ರ ಬೋಳಾಗಿ ನಿಂತಿತ್ತು. ನೆತ್ತಿಯ ಮೇಲೆ ಇರುವೆ ನಡೆದರೂ ಬಾವಿಯ ಕಟ್ಟೆಯಿಂದ ಕಾಣುತ್ತಿತ್ತು. ಮರ ಮುಗಿದ ಮೇಲೆ ಬೊಡ್ಡೆಗಳನ್ನು ಅಗೆದರು. ಬೊಡ್ಡೆ ಮುಗಿದ ಮೇಲೆ ಮಳೆಗೆ ಗುಡ್ಡದ ಕೆಮ್ಮಣ್ಣು ಇಳಿದು ಬಂದು ಬಾವಿಯ ನೀರು ಕುಂಕುಮದ ಬಣ್ಣಕ್ಕೆ ತಿರುಗಿತು. ನೆತ್ತಿಯ ಹಿಂದಿನ ಕೊರಕಲಿನಲ್ಲಿ ಒಂದಿಷ್ಟು ದಿಂಡಲ ಉಳಿದಿತ್ತು. ಅದನ್ನು ಕಾಯಲು ಊರ ಹಿರಿಯರು ಯಮನಪ್ಪನನ್ನು ಇಟ್ಟರು. ಮನೆಗೊಂದಿಷ್ಟು ಜೋಳ ಅವನ ಪಗಾರ. ಅವನು ಕಾಲು ಮುಂದಾಗಿ ಹುಟ್ಟಿದವನು. ಅವನನ್ನು ಹೊರಗೆ ತರಲು ಹುಚ್ಚವ್ವ ಒಂದು ಹಗಲೆಲ್ಲ ಬೆವತಿದ್ದಳು.

ಒಟ್ಟಿಲು ಒಟ್ಟುವ ಪದ್ಧತಿ ಮಾತ್ರ ನಿಲ್ಲಲಿಲ್ಲ. ಒಳಗೆ ಹತ್ತಿಕಟ್ಟಿಗೆ, ಬಳ್ಳಾರಿ ಜಾಲಿಯ ಮುಳ್ಳು ತುಂಬಿ, ದಾರಿಗೆ ಕಾಣುವ ಮುಂದಿನ ಸಾಲು ಮಾತ್ರ ದಿಂಡಲ ಇಡುತ್ತಿದ್ದರು. ಆ ಮುಂದಿನ ಸಾಲನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ತೋರಿಕೆಗೆ ಮಾತ್ರ ಕಡ ಒಯ್ಯುತ್ತಿದ್ದರು, ಮದುವೆಗೆ ಜಮಖಾನೆ ಒಯ್ದಂತೆ. ಹುಚ್ಚವ್ವನ ಬಡಿಗೆಗೆ ಸದ್ದಿನಲ್ಲಿಯೇ ಗೊತ್ತಾಗುತ್ತಿತ್ತು. ಗೊತ್ತಾದರೂ "ಸಾಕು" ಎನ್ನುತ್ತಿದ್ದಳು. ಅನ್ನುವಾಗ ಮುಖ ಬೇರೆ ಕಡೆಗಿರುತ್ತಿತ್ತು.

ಅಂಥ ದಿನಗಳಲ್ಲಿ ಒಮ್ಮೆ ಅವಳು ಬಾವಿಯ ಕಟ್ಟೆಯ ಮೇಲೆ, ಹೊಸದಾಗಿ ಬಂದ ಸೊಸೆಯಂದಿರ ಮುಂದೆ, ಬೊಗಸೆ ಮಣ್ಣಿನ ಮಾತು ತೆಗೆದಳು. ಎತ್ತಿಗೆ ನೀರು ಕುಡಿಸಲು ಬಂದಿದ್ದ ಲಾಡಸಾಬ ಹಗ್ಗ ಕೆಳಗಿಟ್ಟ.

"ಅಕ್ಕ, ಆ ಮಾತು ಇನ್ನ ಬಿಡು. ನೀ ಹಡಿಸಿದ ಮಂದಿ ಮಣ್ಣು ಹಾಕೂದು ದೂರ ಉಳೀತು. ಒಬ್ಬೊಬ್ಬರು ಒಂದೊಂದು ಹೊರಿ ಹೊತ್ತು ಇದ್ದ ಗುಡ್ಡಾನ ಊಟಾ ಮಾಡಿ ಕೈ ತೊಳಕೊಂಡಾರ. ನೋಡಲ್ಲೆ, ತಾಟು ನೆಕ್ಕಿಟ್ಟಂಗ ಐತಿ."

ಸೊಸೆಯಂದಿರು ಸೆರಗಿನಲ್ಲಿ ನಕ್ಕರು. ಹುಚ್ಚವ್ವ ಗುಡ್ಡದ ಕಡೆಗೆ ನೋಡಲಿಲ್ಲ. ಕೊಡ ಎತ್ತಿಕೊಂಡು ಮನೆಗೆ ಹೋದಳು. ಆ ಮಾತನ್ನು ಮತ್ತೆ ಯಾರೂ ಅವಳ ಬಾಯಿಂದ ಕೇಳಲಿಲ್ಲ.

ಎಂಬತ್ತನಾಲ್ಕರ ಮಳೆಗಾಲಕ್ಕೆ ಅವಳ ಮಗಳು ಸತ್ಯವ್ವ ಬಸುರಿಯಾಗಿ ತವರಿಗೆ ಬಂದಳು. ಊರೆಲ್ಲ ಹಡಿಸಿದ ಹುಚ್ಚವ್ವನಿಗೆ ಉಳಿದದ್ದು ಅದೊಂದೇ ಕೂಸು. ಗಂಡ ತೀರಿ ಬಹಳ ಕಾಲವಾಗಿತ್ತು. ಸತ್ಯವ್ವನನ್ನು ಇಳಕಲ್ಲಿಗೆ ಕೊಟ್ಟಿದ್ದರು. ಅಳಿಯ ಹಣಮಪ್ಪ ಅಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದವನು. ಅವಳ ಓರಗೆಯವರು ನಾಲ್ಕು ನಾಲ್ಕು ಹಡೆದು ಮುಗಿಸುವ ತನಕ ಸತ್ಯವ್ವನ ಹೊಟ್ಟೆ ತೆರೆದಿರಲಿಲ್ಲ. ಈಗ ತೆರೆದಿತ್ತು.

"ಅತ್ತಿ, ಇಳಕಲ್ಲಿನ ದವಾಖಾನ್ಯಾಗ ಹೆಸರ ಹಚ್ಚೇನಿ. ಅಲ್ಲೇ ಆಗ್ಲಿ ಬಿಡ್ರಿ" ಎಂದ ಹಣಮಪ್ಪ, ಹೆಂಡತಿಯನ್ನು ಬಿಟ್ಟು ಹೋಗಲು ಬಂದಾಗ.

"ಅಳಿಯಾರ, ಊರ ಮಂದಿಗೆಲ್ಲಾ ನನ್ನ ಕೈ ಬೇಕು, ನನ್ನ ಮಗಳಿಗಿ ಬ್ಯಾಡೇನ್ರಿ?"

"ಕೈ ಬ್ಯಾಡಂತ ಅಲ್ಲರಿ. ಕಾಸಾಕ ಕಟ್ಟಿಗಿ ಎಲ್ಲಿ ಅದಾವು?"

"ಅದು ನನ್ನ ಕಡೆ ಬಿಡ್ರಿ" ಎಂದಳು ಹುಚ್ಚವ್ವ. ಅಳಿಯನ ಮುಂದೆ ಅಂದುಬಿಟ್ಟಳು. ಅಂದ ಮೇಲೆ ಬಾಗಿಲ ಬಲಗಡೆಯ ಬೋಳು ನೆಲ ದಿನವೂ ಅವಳನ್ನು ಮಾತಾಡಿಸತೊಡಗಿತು. ದಾರಿಯಲ್ಲಿ ಹೋಗುವವರು ಮೊದಲು ಸತ್ಯವ್ವನ ಹೊಟ್ಟೆ ನೋಡುತ್ತಿದ್ದರು, ಆಮೇಲೆ ಆ ನೆಲ ನೋಡುತ್ತಿದ್ದರು.

ಹುಚ್ಚವ್ವ ಮುದಕಪ್ಪನ ಮನೆಗೆ ಹೋದಳು. ಅವನ ಹಿತ್ತಲಲ್ಲಿ ಹಳೆಯ ದಿಂಡಲದ ತುಂಡುಗಳು ಇನ್ನೂ ಇದ್ದವು. ಅವನ ಹೆಂಡತಿ ರಂಗವ್ವ ಚಹಾ ಕೊಟ್ಟಳು, ಕೂಡಿಸಿದಳು, ಕಷ್ಟಸುಖ ಕೇಳಿದಳು. ಕಟ್ಟಿಗೆಯ ಮಾತು ಬಂದಾಗ ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅವು ನಮ್ಮ ಸಣ್ಣ ಸೊಸಿಗಿ ಇಟ್ಟಾವಾಯಿ. ಬಾಣಂತಿ ಕಟ್ಟಿಗಿ ಎರವು ಕೊಟ್ರ ಕೂಸಿನ ಉಸರು ಎರವು ಕೊಟ್ಟಂಗ ಅಂತ ನೀನ ಹೇಳಿದ್ದಿ."

ಹೇಳಿದ್ದು ನಿಜ. ಯಾವುದೋ ವರ್ಷ, ಈ ಮನೆಯ ಒಟ್ಟಿಲು ಕಡಿಮೆಯಾಗಬಾರದೆಂದು, ಇದೇ ಅಂಗಳದಲ್ಲಿ ನಿಂತು ಹೇಳಿದ್ದಳು. ಅಬ್ದುಲಸಾಬನ ಮನೆಯಲ್ಲಿ ಅಮೀನಬಿ ಒಳಗೆ ಕರೆದು ತೋರಿಸಿದಳು. ಹೊಸದಾಗಿ ಬೇರೆಯಾದ ಮಗನಿಗೆ ಒಲೆ ಹಚ್ಚಲು ಅವಳು ತನ್ನ ತೊಟ್ಟಿಲು ಒಡೆದಿದ್ದಳು. "ಈಗ ಎರಡು ಕೂಸು ಒಂದ ಜೋಳಿಗ್ಯಾಗ ಮಲಗಸ್ತೀವಿ ಆಯಿ" ಎಂದಳು. ಹುಚ್ಚವ್ವ ಅಲ್ಲಿ ಕೇಳದೆಯೇ ಎದ್ದು ಬಂದಳು.

ಉಳಿದದ್ದು ನೆತ್ತಿಯ ಹಿಂದಿನ ಕೊರಕಲು. ಮಳೆ ಹೊಳವಾದ ಒಂದು ಬೆಳಗ್ಗೆ ಕುಡುಗೋಲು, ಹಗ್ಗ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಹೊರಟಳು. ಎಪ್ಪತ್ತಕ್ಕೆ ಹತ್ತಿರದ ಜೀವ. ಹಿಂದೆ ನೆರಳಿನಲ್ಲಿ ಹತ್ತುತ್ತಿದ್ದ ಗುಡ್ಡ. ಈಗ ಕಾಲಿಟ್ಟಲ್ಲೆಲ್ಲ ಬೊಡ್ಡೆ ಕಿತ್ತ ಕುಣಿ, ಕುಣಿಯಲ್ಲಿ ಕೆಂಪು ನೀರು. ಬಾಯಿ ತೆರೆದುಕೊಂಡು ಮಲಗಿದ ಮಂದಿಯ ನಡುವೆ ದಾಟಿ ಹೋದಂತಾಯಿತು ಅವಳಿಗೆ. ಕೊರಕಲಿನಲ್ಲಿ ದಿಂಡಲಗಳು ಇದ್ದವು. ಒಂದರಲ್ಲಿ ಕೈಗೆಟಕುವ ಹಾಗೆ ಬಾಗಿದ ಕವಲುಕೊಂಬೆಯೊಂದಿತ್ತು. ಮೊಂಡು ಕುಡುಗೋಲಿನಿಂದ ಅದನ್ನು ಕಡಿಯಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಹಿಂದಿನ ಕಾಲದ ಹುಚ್ಚವ್ವ ಅವಳಿಜವಳಿ ಹಡಿಸಿ ಎರಕೊಂಡು ಊಟಕ್ಕೆ ಕೂತಿರುತ್ತಿದ್ದಳು. ಒಣಗಿದ ನಾಲ್ಕಾರು ಟೊಂಗೆಗಳನ್ನೂ ಆರಿಸಿ ಹೊರೆ ಬಿಗಿದು ತಲೆ ಎತ್ತಿದರೆ, ಎದುರಿಗೆ ಯಮನಪ್ಪ ನಿಂತಿದ್ದ.

"ಇಳಸು ಆಯಿ" ಎಂದ.

"ನನ್ನ ಮಗಳಿಗಿ ಯಮನಪ್ಪಾ. ನಾಳೆ ನಾಡದ ಹಡೀತಾಳ."

"ಗೊತ್ತೈತಿ. ಇಳಸು. ನಿನ್ನ ಬಿಟ್ರ ನಾಳೆ ಊರ ಹೆಣ್ಣಮಕ್ಕಳೆಲ್ಲಾ ಹೊಟ್ಟಿ ಮುಂದ ಮಾಡಿಕೊಂಡು ಬರ್ತಾರ. ನಾ ಯಾರಿಗಿ ಬ್ಯಾಡ ಅನ್ಲಿ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಅವಳಿಗೆ ಕಹಿಯಾಯಿತು. ತಪ್ಪಿದ್ದರೆ ಬೈಯಬಹುದಿತ್ತು. ಹೊರೆ ಇಳಿಸಿದಳು. ಬರಿಯ ಸಿಂಬಿ ತಲೆಯ ಮೇಲೆ ಇರುವಂತೆಯೇ ಗುಡ್ಡ ಇಳಿದಳು. ಊರ ಮಂದಿ ಎದುರಾದಾಗ ಅದನ್ನು ತೆಗೆಯಲೂ ಅವಳಿಗೆ ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಸತ್ಯವ್ವ ಹೆಣ್ಣು ಹಡೆದಳು. ಹೆರಿಗೆ ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ಆಯಿತು. ಹುಚ್ಚವ್ವನ ಕೈಯಲ್ಲಿ ಯಾವ ಕೊರತೆಯೂ ಬಂದಿರಲಿಲ್ಲ. ಕೊರತೆ ಬಂದದ್ದು ಹೊರಸಿನ ಕೆಳಗೆ. ಲಾಡಸಾಬ ಎಲ್ಲೆಲ್ಲಿಂದಲೋ ಕೂಡಿಸಿ ತಂದದ್ದು ಹಸಿ ಬಳ್ಳಾರಿ ಜಾಲಿ, ಮೇಲಿಷ್ಟು ಕುಳ್ಳು. ಮಳೆಗೆ ತೊಯ್ದ ಅದು ಕೆಂಡವಾಗಲಿಲ್ಲ, ಹೊಗೆಯಾಯಿತು. ಕೋಣೆಯಲ್ಲಿ ತಾಯಿಗೆ ಮಗಳು ಕಾಣದಷ್ಟು, ಮಗಳಿಗೆ ಕೂಸು ಕಾಣದಷ್ಟು ಹೊಗೆ. ಹುಚ್ಚವ್ವ ಊದುಗೊಳವೆ ಹಿಡಿದು ಊದಿದಳು. ಸನ್ನಿಯಾಗಿ ಸತ್ತ ಆ ಮೊದಲ ಬಾಣಂತಿ ಆ ಹೊಗೆಯಲ್ಲಿ ಎಲ್ಲಿಯೋ ಕೂತು ನೋಡುತ್ತಿದ್ದಳು.

"ಯವ್ವಾ, ಸಾಕು ಮಾಡು. ಉಸರ ಹಿಡೀತೈತಿ" ಎಂದು ಸತ್ಯವ್ವ ಕೆಮ್ಮಿದಳು.

"ಇನ್ನೊಂದೀಟು ತಡಿ, ಈಗ ಕೆಂಡ ಬೀಳತೈತಿ."

ಕೆಂಡ ಬೀಳಲಿಲ್ಲ. ಸಟವಿ ಪೂಜೆಯ ದಿನ ಹಣಮಪ್ಪ ಇಳಕಲ್ಲಿನಿಂದ ಬಂದು ಬಾಗಿಲು ತೆರೆದ. ಬಾಣಂತಿಯ ಕಣ್ಣುಗಳು ಕೆಂಪಾಗಿ ಊದಿದ್ದವು, ಕೂಸು ಕಣ್ಣೇ ತೆರೆದಿರಲಿಲ್ಲ, ಎದೆ ಗೊರಗೊರ ಅನ್ನುತ್ತಿತ್ತು. ಅವನು ಸಿಟ್ಟಾಗಲಿಲ್ಲ. ಹೊರಸಿನ ಕೆಳಗಿನ ಅಗ್ಗಿಷ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ಹೊರಗೆ ಸರಿಸಿದ.

"ಅತ್ತಿ, ನಾ ಜಗಳಕ್ಕ ಬಂದಿಲ್ಲರಿ. ಕರಕೊಂಡು ಹೊಕ್ಕೇನಿ."

ಲಾಡಸಾಬನ ಗಾಡಿಯಲ್ಲಿ ಹಾಸಿಗೆ ಹಾಸಿ ಮಗಳನ್ನೂ ಕೂಸನ್ನೂ ಬಸ್ಸಿನ ದಾರಿಗೆ ಒಯ್ದರು. ಹುಚ್ಚವ್ವ ಬಾಗಿಲಲ್ಲಿ ನಿಂತಿದ್ದಳು. ಅವಳು ಹಡಿಸಿದ ಊರೆಲ್ಲ ಗೋಡೆಯ ಸಂದಿಯಿಂದ, ಮಾಳಿಗೆಯ ಅಂಚಿನಿಂದ ನೋಡುತ್ತಿತ್ತು.

ವಾರ ಕಳೆದ ಮೇಲೆ ಇಳಕಲ್ಲಿನ ಸಂತೆಗೆ ಹೋಗಿದ್ದ ಲಾಡಸಾಬ ದವಾಖಾನೆಗೂ ಹೋಗಿ ಬಂದ. ನೇರ ಹುಚ್ಚವ್ವನ ಕಟ್ಟೆಗೆ ಬಂದು ಕೂತ.

"ಇಬ್ಬರೂ ಚೊಲೊ ಅದಾರಕ್ಕ. ಕೂಸು ಕಣ್ಣ ತಗದೈತಿ, ನಿನ್ನಂಗ ಪಿಳಿಪಿಳಿ ನೋಡತೈತಿ."

"ಏನ ಹಚ್ಚಿ ಕಾಸ್ತಾರಲ್ಲೆ?"

ಲಾಡಸಾಬ ತಲೆಯ ರುಮಾಲು ತೆಗೆದು ಮತ್ತೆ ಕಟ್ಟಿಕೊಂಡ. ಸುಳ್ಳು ಹೇಳಲು ಅವನಿಗೆ ಎಂದೂ ತಡವಾಗುತ್ತಿರಲಿಲ್ಲ, ಅಂದು ನಿಜ ಹೇಳಲು ತಡವಾಯಿತು. "ಏನೂ ಇಲ್ಲಕ್ಕ. ಒಂದು ಕಂಬಳಿ ಹೊಚ್ಯಾರ."

"ಕೆಂಡ?"

"ಇಲ್ಲ."

ಒಂದು ಕಂಬಳಿ. ಕುರಿಗಾರರ ಊರು ಅದು, ಮನೆಗೆ ಹತ್ತು ಕಂಬಳಿ ಇದ್ದವು. ಅವಳು ಈಗ ಗುಡ್ಡದ ಕಡೆಗೆ ನೋಡಿದಳು. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ.

ನಾಗರಪಂಚಮಿ ಕಳೆದು ಕೆಲವು ದಿನಗಳಿಗೆ ಯಮನಪ್ಪ ಅವಳ ಮನೆಗೆ ಬಂದ. ಗುಡ್ಡದಲ್ಲಿ ನಿಂತಿದ್ದ ಗತ್ತು ಇರಲಿಲ್ಲ, ತಲೆ ತುರಿಸಿಕೊಳ್ಳುತ್ತಿದ್ದ.

"ಆಯಿ, ನಮ್ಮಾಕಿಗಿ ಏಳು ತುಂಬಿದಾವು. ಒಟ್ಟಿಲು ಒಟ್ಟೇನಿ. ಒಮ್ಮಿ ಬಂದು ನೋಡು."

ಹುಚ್ಚವ್ವ ಬಡಿಗೆ ಹಿಡಿದು ಹೋದಳು. ಯಮನಪ್ಪನ ಬಾಗಿಲ ಬಲಗಡೆ ಒಟ್ಟಿಲು ಎದೆಯೆತ್ತರ ನಿಂತಿತ್ತು. ನೋಡಲು ನೆರೆಹೊರೆಯವರು ಆಗಲೇ ಕೂಡಿದ್ದರು, ಲಾಡಸಾಬನೂ ಇದ್ದ. ಅವಳು ಮುಂದಿನ ಸಾಲು ಬಡಿದಳು. ದಿಂಡಲ. ಹಿಂದಕ್ಕೆ ಹೋಗಿ ಬಡಿದಳು. ದಿಂಡಲ. ಬಡಿಗೆಯನ್ನು ಸಂದಿಯಲ್ಲಿ ತೂರಿಸಿ ಒಳಗೆ ಬಡಿದಳು. ಅಲ್ಲಿಯೂ ದಿಂಡಲ. ಎಷ್ಟೋ ವರ್ಷಗಳಿಂದ ಅವಳ ಬಡಿಗೆ ಕೇಳದೇ ಇದ್ದ ಸದ್ದು. ಮೇಲ್ಗಡೆ ಒಂದು ಕವಲುಕೊಂಬೆ ಇತ್ತು. ಹರಿತವಿಲ್ಲದ ಕುಡುಗೋಲಿನಿಂದ ಕೊಚ್ಚಿ ಕೊಚ್ಚಿ ಕಡಿದದ್ದು, ಕಡಿದ ತುದಿ ಇಲಿ ತಿಂದ ರೊಟ್ಟಿಯಂತಿತ್ತು.

"ಇವು ಎಲ್ಲಿಂದ ಬಂದವೋ?" ಎಂದು ಕೇಳಿದಳು.

"ಕಳ್ಳರ ಕಡಿಂದ ಕಸಗೊಂಡಾವು" ಎಂದ ಯಮನಪ್ಪ. "ತಿರಿಗಿ ಗಿಡಕ್ಕ ಅಂಟಸಾಕ ಬರತೈತೇನು? ಹಂಗ ಬಿಟ್ರ ಗೆದ್ದಲ ತಿಂತಾವು."

ಯಾರೋ ಕಿಸಕ್ಕೆಂದರು. ಹುಚ್ಚವ್ವ ಆ ಕೊಂಬೆಯಿಂದ ಕಣ್ಣು ಕೀಳಲಿಲ್ಲ. ಯಮನಪ್ಪನ ಹೆಂಡತಿ ಹೊಸ್ತಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಅವಳ ಕಣ್ಣು ಹುಚ್ಚವ್ವನ ಬಾಯಿಂದ ಬರಬೇಕಾದ ಆ ಒಂದು ಮಾತಿಗೆ ಕಾಯುತ್ತಿತ್ತು. ಹುಚ್ಚವ್ವ ಕೊಂಬೆಯಿಂದ ಕಣ್ಣೆತ್ತಿ ಯಮನಪ್ಪನನ್ನು ನೋಡಿದಳು, ಗುಂಪಿನ ಮುಂದೆ ಅವನಿಗೆ ಆ ನೋಟ ತಡೆಯದಾಯಿತು.

"ನನ್ನ ಮಾರಿ ಏನ ನೋಡ್ತಿ ಆಯಿ? ಗುಡ್ಡ ಹಾಳಾಗಿದ್ದು ನನ್ನ ಒಂದು ಗಾಡಿ ಕಟ್ಟಿಗಿಂದ ಅಲ್ಲ. ಮಂದಿ ಹೆಚ್ಚಾಗಿ ಹಾಳಾತು. ಈಟು ಮಂದೀನ ಒಬ್ಬೊಬ್ಬರನ್ನ ಎಳದೆಳದು ಈ ಊರಾಗ ಇಳಿಸಿದಾಕಿ ಯಾರು, ಹೇಳು. ನೀನ ಅಲ್ಲೇನು?"

ಎಲ್ಲರೂ ಅವಳ ಕಡೆಗೆ ನೋಡಿದರು, ಅವಳು ಹಡಿಸಿದವರೆಲ್ಲ. ಹುಚ್ಚವ್ವ ಹೊಸ್ತಿಲಿನ ಹುಡುಗಿಯ ಕಡೆಗೆ ತಿರುಗಿದಳು.

"ನೋವು ಹತ್ತಿದ ಕೂಡ್ಲೆ ಹೇಳಿ ಕಳಸವ್ವಾ, ಬರ್ತೇನಿ. ಒಂದು ಕಂಬಳಿ ತಗದಿಟ್ಟಿರು, ಈ ಕಟ್ಟಿಗಿ ಬ್ಯಾಡ" ಎಂದಳು. ಆಮೇಲೆ ಯಮನಪ್ಪನ ಕಡೆಗೆ ಹೊರಳಿದಳು.

"ಹೌದಪ್ಪಾ, ನಾನ ಇಳಿಸೇನಿ. ಇಳಿಸಿದ ಕೂಡ್ಲೆ ಒಬ್ಬೊಬ್ಬರದೂ ಮುಷ್ಟಿ ಬಿಚ್ಚಿ ಒರಸೇನಿ, ನಿಂದೂ ಒರಸೇನಿ. ಯಾವನ ಕೈಯಾಗೂ ಕೊಡ್ಲಿ ಇರಲಿಲ್ಲ."